ಆರಲಿ ಬಿಡಿ, ಮಾರಾಯ್ರೆ!

ಓವನ್ನಿನಿಂದ ಆಚೆ ಬಂದು ಹತ್ತು ನಿಮಿಷವೂ ಆಗದ ಆಪಲ್ ಪೈಗೆ, ಅಂದರೆ ಹಿಟ್ಟಿನ ಹೊದಿಕೆಯೊಳಗೆ ಸೇಬು ತುಂಬಿ ಬೇಯಿಸಿದ ಸಿಹಿಗೆ, ಚಾಕು ಹಾಕುವವರನ್ನು ಏನು ಮಾಡಬೇಕು? ಬೈಯುವ ಹಾಗಿಲ್ಲ, ಮನೆಗೆ ಬಂದವರು. ಕೈ ಹಿಡಿದು ತಡೆಯುವ ಹಾಗಿಲ್ಲ, ವಯಸ್ಸಿನಲ್ಲಿ ದೊಡ್ಡವರು. ನವೆಂಬರಿನ ನಾಲ್ಕನೇ ಗುರುವಾರ, ಅಮೆರಿಕನ್ನರ ಕೃತಜ್ಞತೆಯ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್ ದಿನ, ಅಮೆರಿಕದ ಯಾವ ಊರೇ ಆಗಲಿ, ನಾಲ್ಕು ಕನ್ನಡದ ಮನೆಯವರು ಒಂದೊಂದು ಅಡುಗೆ ಮಾಡಿ ತಂದು ಪಾಟ್‌ಲಕ್ ಅಂತ ಸೇರಿದ ಕಡೆ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅಡುಗೆಮನೆಗೆ ಬರುತ್ತಾರೆ, ಮೂಗರಳಿಸುತ್ತಾರೆ, "ಆಹಾ, ಏನ್ ಘಮ!" ಅನ್ನುತ್ತಾರೆ. ಇಲ್ಲಿಯತನಕ ಸಂತೋಷವೇ. ಆಮೇಲೆ ಡ್ರಾಯರ್ ಎಳೆದ ಸದ್ದು. "ಬಿಸಿಬಿಸಿ ಇದ್ದಾಗಲೇ ತಿಂದ್ಬಿಡ್ಬೇಕು ಕಣ್ರೀ, ಆರಿದ ಮೇಲೆ ಏನ್ ಮಜಾ?"

ದೋಸೆಗೆ ಈ ಮಾತು ಒಪ್ಪೋಣ. ಬೋಂಡಕ್ಕೆ ಒಪ್ಪೋಣ. ಪೈ ಆ ಜಾತಿಯದಲ್ಲ. ಒಳಗೆ ಕುದಿಯುತ್ತಿರುವುದು ಸೇಬಿನ ರಸ, ಸಕ್ಕರೆ, ಕಾರ್ನ್‌ಸ್ಟಾರ್ಚ್. ಬಿಸಿ ಇರುವಷ್ಟು ಹೊತ್ತು ಅದು ನೀರುನೀರು. ಆರುತ್ತಾ ಬಂದ ಹಾಗೆ ಪಿಷ್ಟ ಬಿಗಿಯುತ್ತದೆ, ಸೇಬಿನಲ್ಲೇ ಇರುವ ಅಂಟು, ಪೆಕ್ಟಿನ್, ಅದಕ್ಕೆ ಜೊತೆಯಾಗುತ್ತದೆ, ಹೋಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಒಂಬತ್ತು ಇಂಚಿನ ಪೈಗೆ ಇದಕ್ಕೆ ಮೂರರಿಂದ ನಾಲ್ಕು ಗಂಟೆ ಬೇಕು. ಅದಕ್ಕೂ ಮೊದಲು ಚಾಕು ಹಾಕಿದರೆ ತಟ್ಟೆಗೆ ಬರುವುದು ಸೇಬಿನ ಸಾರು. ಮೇಲಿನ ಹೊದಿಕೆ ಒಳಗೇನೂ ಇಲ್ಲದೆ ಕುಸಿದು ಕೂರುತ್ತದೆ.

ಅವರಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ಮೊದಲು ಅಂಚಿನ ಗರಿಗರಿ ಮಡಿಕೆಯಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ, "ಟೇಸ್ಟ್ ನೋಡಿದೆ ಅಷ್ಟೇ." ಅಂಚು ಒಂದು ಕಡೆ ಮುರಿದ ಪೈಗೆ ಮರ್ಯಾದೆ ಎಲ್ಲಿ ಉಳಿಯಿತು? ಅದೇ ನ್ಯಾಯದಲ್ಲಿ ಇನ್ನೊಂದು ಚೂರು. ಆಮೇಲೆ ದೋಸೆ ಮಗುಚುವ ಕೈ ತಂದು ತುಂಡನ್ನು ಎತ್ತಲು ನೋಡುತ್ತಾರೆ. ಮೇಲಿನ ಪದರ ಕೈಗೆ ಬರುತ್ತದೆ, ಸೇಬು ಪಾತ್ರೆಯಲ್ಲೇ ಉಳಿಯುತ್ತದೆ, ರಸ ಆ ಖಾಲಿ ಜಾಗಕ್ಕೆ ಹರಿದು ಬಂದು ಉಳಿದ ಏಳು ತುಂಡಿನ ತಳವನ್ನೂ ನೆನೆಸಿಬಿಡುತ್ತದೆ. ಅಷ್ಟಾದ ಮೇಲೆ ಚಮಚದಿಂದ ಕೆರೆದು ಬಟ್ಟಲಿಗೆ ಹಾಕಿಕೊಂಡು, ಉಫ್ ಉಫ್ ಅಂತ ಊದಿ ತಿನ್ನುತ್ತಾ, ಬಹಳ ಕಾಳಜಿಯಿಂದ ಒಂದು ಮಾತು: "ಇನ್ನೊಂದ್ ಹತ್ ನಿಮಿಷ ಬೇಯ್ಬೇಕಿತ್ತು ಅನ್ಸುತ್ತೆ."

ಬೇಯಬೇಕಿತ್ತಂತೆ!

ಇವರಿಗೆ ಒಬ್ಬ ತಮ್ಮನೂ ಇದ್ದಾನೆ. ಅವನು ಕತ್ತರಿಸುವುದಿಲ್ಲ, ಮುಚ್ಚುತ್ತಾನೆ. ಬಿಸಿ ಪೈ ಕಂಡ ಕೂಡಲೇ "ಆರಿ ಹೋಗುತ್ತೆ" ಅಂತ ಅಲ್ಯೂಮಿನಿಯಂ ಫಾಯಿಲ್ ಬಿಗಿಯಾಗಿ ಸುತ್ತಿಬಿಡುತ್ತಾನೆ. ಒಳಗಿನ ಹಬೆ ಹೊರಗೆ ಹೋಗಲಾರದೆ ಹೊದಿಕೆಯ ಮೇಲೇ ನೀರಾಗಿ ಇಳಿದು, ಅರ್ಧ ಗಂಟೆಯಲ್ಲಿ ಗರಿಗರಿಯೆಲ್ಲ ಮೆತ್ತಗೆ. ಚಪಾತಿಯ ಹಾಟ್‌ಪ್ಯಾಕಿನಲ್ಲಿ ಪೈ ತುಂಡುಗಳನ್ನು ಇಟ್ಟು ಮುಚ್ಚಳ ತಿರುಗಿಸಿಟ್ಟ ಮಹಾನುಭಾವರೂ ಇದ್ದಾರೆ. ತಂತಿ ಜಾಲರಿಯ ಮೇಲೆ, ಕೆಳಗೂ ಗಾಳಿಯಾಡುವ ಹಾಗೆ, ಮುಚ್ಚದೆ ಇಡುವುದು ಎಂಬುದು ಬಿಸಿ ಊಟದ ನಾಡಿನಿಂದ ಬಂದವರಿಗೆ ಯಾಕೋ ತಲೆಗೇ ಹತ್ತುವುದಿಲ್ಲ.

ಆದ್ದರಿಂದ ಪೈ ಮಾಡುವವರು ಹಿಟ್ಟನ್ನು ಮಂಗಳವಾರ ಕಲಸಿ, ಬುಧವಾರ ಬೇಯಿಸಿ, ಗುರುವಾರ ಕಣ್ಣಿಗೆ ಬೀಳದ ಕಡೆ ಇಟ್ಟುಬಿಡುವುದು ಲೇಸು. ಆಪಲ್ ಪೈ ಎರಡು ದಿನ ಹೊರಗಿದ್ದರೂ ಏನೂ ಆಗುವುದಿಲ್ಲ, ಹಾಗಾಗಿ ವಾಷಿಂಗ್ ಮಷಿನ್ ಮೇಲೆ ಇಡಬಹುದು. ಮಷಿನ್ ಓಡುತ್ತಿರಬಾರದು, ಅಷ್ಟೇ. ಮೊಟ್ಟೆ, ಹಾಲು ಬಿದ್ದ ಕುಂಬಳದ ಪೈ, ಅಕ್ರೋಟಿನ ಜಾತಿಯ ಪೆಕಾನ್ ಬೀಜದ ಪೈಗಳಿಗೆ ಈ ಸವಲತ್ತಿಲ್ಲ. ಆರಿದ ಮೇಲೆ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಗುರುವಾರ ಓವನ್ ಹೇಗೂ ಸಿಗುವುದಿಲ್ಲ. ಟರ್ಕಿ ಕೋಳಿ ಬೇಯಿಸುವ ಮನೆಯಲ್ಲಿ ಟರ್ಕಿ ಗಂಟೆಗಟ್ಟಲೆ ಕೂತಿರುತ್ತದೆ, ಸಸ್ಯಾಹಾರಿ ಮನೆಯಲ್ಲಿ ಒಂದಾದ ಮೇಲೊಂದು ಟ್ರೇ ಸಮೋಸ.

ಓವನ್ ಅಂದೆನಲ್ಲ, ಬಟನ್ ಒತ್ತುವ ಮೊದಲು ಬಾಗಿಲು ತೆಗೆದು ನೋಡಿ. ನಮ್ಮವರ ಮನೆಯಲ್ಲಿ ಅದು ವರ್ಷದ ಹನ್ನೊಂದು ತಿಂಗಳು ಬಾಣಲೆ, ಕಾವಲಿ, ಪ್ಲಾಸ್ಟಿಕ್ ಮುಚ್ಚಳಗಳ ಕಪಾಟು. 425 ಡಿಗ್ರಿ ಫ್ಯಾರನ್‌ಹೀಟಿಗೆ ಪ್ರೀಹೀಟ್ ಆದ ಮೇಲೆ ಬರುವ ವಾಸನೆ ಯಾವ ಪೈನದೂ ಅಲ್ಲ.

ಇನ್ನು ಹಿಟ್ಟು. ಕೆಳಗೂ ಮೇಲೂ ಹೊದಿಕೆ ಇರುವ ಒಂದು ಪೈಗೆ ಎರಡೂವರೆ ಕಪ್ ಮೈದಾ, ಒಂದು ಚಮಚ ಉಪ್ಪು, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಎರಡು ಸ್ಟಿಕ್ ಬೆಣ್ಣೆ, ಅಂದರೆ 226 ಗ್ರಾಂ, ಆರರಿಂದ ಎಂಟು ದೊಡ್ಡ ಚಮಚ ಐಸ್ ನೀರು. ಇಷ್ಟೇ. ಕಷ್ಟವಿರುವುದು ನಮ್ಮ ಕೈಯ ಅಭ್ಯಾಸದಲ್ಲಿ. ಹಿಟ್ಟು ಕಂಡರೆ ನಾದುವುದು ಈ ಕೈಗೆ ಹುಟ್ಟುಗುಣ. ಚಪಾತಿಗೆ ನಾದಿದಷ್ಟೂ ಒಳ್ಳೆಯದು; ಇಲ್ಲಿ ನಾದಿದಷ್ಟೂ ಕೆಟ್ಟಿತು. ಹಿಟ್ಟಿನೊಳಗಿನ ಅಂಟು, ಗ್ಲೂಟನ್, ಬಲಿತು ಹೊದಿಕೆ ರಬ್ಬರಾಗುತ್ತದೆ, ಓವನ್ನಿಗೆ ಹೋದ ಮೇಲೆ ಪಾತ್ರೆಯ ಅಂಚು ಬಿಟ್ಟು ಒಳಕ್ಕೆ ಜಾರುತ್ತದೆ. ಬೆಣ್ಣೆಯನ್ನು ಬೆರಳ ತುದಿಯಲ್ಲಿ ಹಿಟ್ಟಿಗೆ ಉದುರಿಸಿ, ಬಟಾಣಿ ಕಾಳಿನಷ್ಟು ದಪ್ಪದ ತುಣುಕುಗಳು ಕಣ್ಣಿಗೆ ಕಾಣುತ್ತಿರುವಾಗಲೇ ಕೈ ನಿಲ್ಲಿಸಬೇಕು. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಅದಕ್ಕಿಂತ ಹೆಚ್ಚು ನೀರು ಬೇಡ. "ಇನ್ನೂ ಗಂಟು ಗಂಟು ಇದೆಯಲ್ಲ, ಕೊಡಿ ಇಲ್ಲಿ" ಎಂದು ಕೈ ಚಾಚುವವರನ್ನು ಸಲಾಡ್ ಹೆಚ್ಚಲು ಕೂರಿಸಿ.

ಆ ಗಂಟುಗಳೇ ಪದರ. ಚಿರೋಟಿಗೆ ನಾವು ಹಾಳೆ ಹಾಳೆಯ ನಡುವೆ ಸಾಟಿ ಸವರಿ ಪದರ ಬಿಡಿಸುವ ಹಾಗೆ, ಇಲ್ಲಿ ಬೆಣ್ಣೆಯ ತುಣುಕು ಲಟ್ಟಿಸುವಾಗ ಚಪ್ಪಟೆಯಾಗಿ ಆ ಕೆಲಸ ಮಾಡುತ್ತದೆ. ಓವನ್ನಿನ ಕಾವಿಗೆ ಬೆಣ್ಣೆಯೊಳಗಿನ ನೀರು ಹಬೆಯಾಗಿ ಹಿಟ್ಟನ್ನು ಎತ್ತುತ್ತದೆ. ಬೆಣ್ಣೆಯ ಬದಲು ತುಪ್ಪ ಹಾಕೋಣ ಅನ್ನುವವರಿಗೆ ಉತ್ತರವೂ ಇದರಲ್ಲೇ ಇದೆ: ತುಪ್ಪದಲ್ಲಿ ನೀರಿಲ್ಲ, ಹಬೆಯಿಲ್ಲ, ಪದರವಿಲ್ಲ. ರುಚಿ ಚೆನ್ನಾಗಿರುತ್ತದೆ, ನಾನ್‌ಖಟಾಯಿ ಉದುರಿದಂತೆ ಉದುರುತ್ತದೆ. ಕಲಸಿದ ಹಿಟ್ಟನ್ನು ಎರಡು ಬಿಲ್ಲೆ ಮಾಡಿ, ಕನಿಷ್ಠ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಅಂಗಡಿಯ ಸಿದ್ಧ ಹೊದಿಕೆ ತರುವ ಸಸ್ಯಾಹಾರಿಗಳು ಲೇಬಲ್ಲಿನ ಸಣ್ಣ ಅಕ್ಷರ ಓದಬೇಕು; ಕೆಲವದರಲ್ಲಿ ಹಂದಿಯ ಕೊಬ್ಬು ಇರುತ್ತದೆ.

ಸೇಬಿನ ವಿಷಯದಲ್ಲಿ ಚೌಕಾಸಿ ಬೇಡ. ಕೆಂಪಗೆ ಹೊಳೆಯುವ ರೆಡ್ ಡೆಲಿಷಸ್ ಬೇಯಿಸಿದರೆ ಹಿಟ್ಟಾಗುತ್ತದೆ. ಹುಳಿಯ ಗ್ರಾನಿ ಸ್ಮಿತ್ ಅರ್ಧ, ಹನಿಕ್ರಿಸ್ಪ್ ಅರ್ಧ, ಒಟ್ಟು ಮೂರು ಪೌಂಡ್. ಕಾಲು ಇಂಚು ದಪ್ಪಕ್ಕೆ ಹೆಚ್ಚಿ, ಮುಕ್ಕಾಲು ಕಪ್ ಸಕ್ಕರೆ, ಒಂದು ದೊಡ್ಡ ಚಮಚ ನಿಂಬೆರಸ, ಒಂದು ಚಮಚ ದಾಲ್ಚಿನ್ನಿ ಪುಡಿ ಬೆರೆಸಿ ಅರ್ಧ ಗಂಟೆ ಬಿಟ್ಟರೆ ತಳದಲ್ಲಿ ರಸ ನಿಲ್ಲುತ್ತದೆ. ಅದನ್ನು ಬಸಿದು, ಅರ್ಧಕ್ಕೆ ಇಂಗಿಸಿ ಮತ್ತೆ ಸುರಿಯಿರಿ, ಮೂರು ದೊಡ್ಡ ಚಮಚ ಕಾರ್ನ್‌ಸ್ಟಾರ್ಚ್ ಸೇರಿಸಿ. ಏಲಕ್ಕಿ ಹಾಕಿದರೆ ಯಾರೂ ಕೇಸು ಹಾಕುವುದಿಲ್ಲ. ಮೇಲಿನ ಹೊದಿಕೆಗೆ ನಾಲ್ಕೈದು ಸೀಳು ಕೊಟ್ಟು, ಓವನ್ನಿನ ಕೆಳಗಿನ ಅಂತಸ್ತಿನಲ್ಲಿ ಮೊದಲೇ ಕಾದಿರುವ ಟ್ರೇ ಮೇಲಿಟ್ಟು, 425ರಲ್ಲಿ ಇಪ್ಪತ್ತು ನಿಮಿಷ, 375ಕ್ಕೆ ಇಳಿಸಿ ಇನ್ನು ನಲವತ್ತು. ಸೀಳುಗಳಲ್ಲಿ ರಸ ಮಂದವಾಗಿ, ನಿಧಾನವಾಗಿ ಗುಳುಗುಳು ಅನ್ನಬೇಕು. ಬಣ್ಣ ನೋಡಿ ತೆಗೆದರೆ ಪಿಷ್ಟ ಬೆಂದಿರುವುದಿಲ್ಲ. ಗಾಜಿನ ಪಾತ್ರೆಯಾದರೆ ತಳದ ಬಣ್ಣವನ್ನೂ ನೋಡಬಹುದು, ಆದರೆ ಅದನ್ನು ಫ್ರೀಜರಿನಿಂದ ನೇರವಾಗಿ ಬಿಸಿ ಓವನ್ನಿಗೆ ಇಡಬೇಡಿ. ಒಡೆಯುತ್ತದೆ.

ಕುಂಬಳದ ಪೈಯಲ್ಲಿ ಅನಾಹುತ ಶುರುವಾಗುವುದು ಅಂಗಡಿಯಲ್ಲೇ. ಕುಂಬಳದ ಬರೀ ತಿರುಳಿನ ಡಬ್ಬಿ, ಸಕ್ಕರೆ ಮಸಾಲೆ ಸೇರಿಸಿಟ್ಟ ಪೈ ಫಿಲ್ಲಿಂಗ್ ಡಬ್ಬಿ, ಎರಡೂ ಅಕ್ಕಪಕ್ಕ ಅವಳಿಗಳಂತೆ ಕೂತಿರುತ್ತವೆ. ಬೇಕಾದದ್ದು ತಿರುಳಿನದು. ಎರಡನೆಯ ಗುಂಡಿ ಹಾಲಿನ ಡಬ್ಬಿ. ಡಬ್ಬಿ ಹಾಲೆಂದರೆ ನಮಗೆ ಗೊತ್ತಿರುವುದು ಕಂಡೆನ್ಸ್ಡ್ ಮಿಲ್ಕ್. ಇಲ್ಲಿ ಬೇಕಾದದ್ದು ಸಕ್ಕರೆಯಿಲ್ಲದ ಇವ್ಯಾಪರೇಟೆಡ್ ಮಿಲ್ಕ್. ಅದರ ಬದಲು ಕಂಡೆನ್ಸ್ಡ್ ಬಿದ್ದು, ಮೇಲೆ ಅಳತೆಯ ಸಕ್ಕರೆಯೂ ಬಿದ್ದರೆ ಪಾಯಸದ ಪಾಲೂ ಪೈಗೇ ಸೇರಿತು ಅಂದುಕೊಳ್ಳಿ. ಮೂರನೆಯವರು ಇನ್ನೂ ಜಾಣರು: ಹ್ಯಾಲೋವೀನಿಗೆ ತಂದು ಮೆಟ್ಟಿಲ ಮೇಲಿಟ್ಟ ದೊಡ್ಡ ಕುಂಬಳವನ್ನು ದಂಡ ಮಾಡುವುದು ಬೇಡವೆಂದು ಪೈಗೆ ಇಳಿಸುತ್ತಾರೆ. ಅದು ಕಣ್ಣು ಮೂಗು ಕೆತ್ತಲೆಂದೇ ಬೆಳೆದ ತಳಿ, ಬರೀ ನಾರು, ನೀರು. ಡಬ್ಬಿಗೆ ಹೋಗುವುದು ಹೆಚ್ಚಾಗಿ ಇಲಿನಾಯ್ ರಾಜ್ಯದಲ್ಲಿ ಬೆಳೆಯುವ ಡಿಕಿನ್ಸನ್ ಎಂಬ ತಳಿ, ಕಂದು ಸಿಪ್ಪೆಯದು, ಗಟ್ಟಿ ತಿರುಳಿನದು, ನಮ್ಮ ಸಿಹಿಗುಂಬಳಕ್ಕೆ ದಾಯಾದಿ.

ನಮ್ಮ ಹಬ್ಬದ ಅಡುಗೆಯಾದರೆ ಉಪ್ಪು ಹೆಚ್ಚಾಯಿತೋ ಪಾಕ ಕೆಟ್ಟಿತೋ, ಊರಿಗೆ ಫೋನ್ ಮಾಡಿ ಕೇಳಲು ಒಂದು ಧ್ವನಿ ಇರುತ್ತದೆ. ಪೈಗೆ ಅಂಥ ಧ್ವನಿಯಿಲ್ಲ. ಅಜ್ಜಿಯ ಕೈ ಅಳತೆ, ಅಮ್ಮನ "ಒಂದಿಷ್ಟು" ಯಾವುದೂ ಇಲ್ಲಿ ಕೆಲಸಕ್ಕೆ ಬಾರದು. ಅಲ್ಲೇ ಹುಟ್ಟಿದ ಮಕ್ಕಳಿಗೆ ಥ್ಯಾಂಕ್ಸ್‌ಗಿವಿಂಗ್ ಸ್ಕೂಲಿಗೆ ರಜೆ ಕೊಡುವ ಹಬ್ಬ, ಮನೆಮನೆಯಲ್ಲೂ ಒಂದೇ ದಿನ ಬರುವ ಹಬ್ಬ. ಅವರಿಗಾಗಿ ಹಿರಿಯರು ಕನ್ನಡಕ ಏರಿಸಿಕೊಂಡು ಡಬ್ಬಿ ತಿರುಗಿಸಿ ಓದುತ್ತಾರೆ. ಲಿಬ್ಬಿಸ್ ಕಂಪನಿಯ ಕುಂಬಳದ ಡಬ್ಬಿಯ ಮೇಲೆ 1950ರಿಂದ ಪೈ ಮಾಡುವ ವಿಧಾನ ಅಚ್ಚಾಗುತ್ತಿದೆ. ಅಮೆರಿಕದ ಎಷ್ಟೋ ಅಜ್ಜಿಯರ 'ಮನೆತನದ ಪೈ' ಹುಟ್ಟಿದ್ದೂ ಅಲ್ಲೇ, ಅದೊಂದು ಸಮಾಧಾನ.

ಅಳತೆ ಸರಳ: 425 ಗ್ರಾಂ ತಿರುಳಿಗೆ ಮುಕ್ಕಾಲು ಕಪ್ ಸಕ್ಕರೆ, ಎರಡು ಮೊಟ್ಟೆ, 354 ಎಂಎಲ್ ಇವ್ಯಾಪರೇಟೆಡ್ ಮಿಲ್ಕ್, ಒಂದು ಚಮಚ ದಾಲ್ಚಿನ್ನಿ, ಅರ್ಧ ಶುಂಠಿ ಪುಡಿ, ಕಾಲು ಲವಂಗ, ಅರ್ಧ ಉಪ್ಪು. ಹಸಿ ಹೊದಿಕೆಗೇ ಸುರಿದು 425ರಲ್ಲಿ ಹದಿನೈದು ನಿಮಿಷ, 350ರಲ್ಲಿ ನಲವತ್ತರಿಂದ ಐವತ್ತು ಎನ್ನುತ್ತದೆ ಡಬ್ಬಿ. ಹಾಗೆ ಮಾಡಿದರೆ ತಳ ಹಸಿಹಸಿ ಉಳಿಯುವುದೇ ಹೆಚ್ಚು. ಹೊದಿಕೆಯನ್ನು ಮೊದಲು ಬರಿದೇ ಬೇಯಿಸಿಕೊಳ್ಳುವುದು ಮೇಲು: ಒಳಗೆ ಬೇಕಿಂಗ್ ಪೇಪರ್ ಹಾಸಿ, ಉಬ್ಬದಂತೆ ಅದರ ತುಂಬಾ ಕಡಲೆಬೇಳೆ ಸುರಿದು 375ರಲ್ಲಿ ಇಪ್ಪತ್ತು ನಿಮಿಷ, ಬೇಳೆ ತೆಗೆದು ಇನ್ನೊಂದು ಎಂಟು. ಆಮೇಲೆ ಹೂರಣ ಸುರಿದು 350ರಲ್ಲೇ ಐವತ್ತು ನಿಮಿಷ. ಆ ಬೇಳೆಯನ್ನು ಬೇರೆ ಡಬ್ಬಿಗೆ ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ. ಇಲ್ಲವಾದರೆ ಆರು ತಿಂಗಳ ವೀಸಾದ ಮೇಲೆ ಬಂದ ಅತ್ತೆ ಅದಕ್ಕೆ ಎಂಟು ಸೀಟಿ ಕೂಗಿಸಿ, ಅಮೆರಿಕದ ಬೇಳೆಯನ್ನೂ ಕುಕ್ಕರನ್ನೂ ಸೊಸೆಯನ್ನೂ ಒಟ್ಟಿಗೆ ಬೈಯುತ್ತಾರೆ.

ಪೈ ನಡುವೆ ಬಿರುಕು ಬಿಟ್ಟರೆ ಅದು ದೃಷ್ಟಿಯಲ್ಲ, ಹೆಚ್ಚು ಬೆಂದದ್ದು. ಅಂಚು ಗಟ್ಟಿಯಾಗಿ, ನಟ್ಟನಡುವಿನ ಎರಡು ಮೂರು ಇಂಚು ಮಾತ್ರ ಅಲುಗುವಾಗಲೇ ತೆಗೆಯಬೇಕು. ಥರ್ಮಾಮೀಟರ್ ಇದ್ದರೆ 175 ಡಿಗ್ರಿ. ಉಳಿದದ್ದು ತನ್ನ ಬಿಸಿಗೆ ತಾನೇ ಬೇಯುತ್ತದೆ. ಮೊಟ್ಟೆ ತಿನ್ನದವರು ಎರಡು ಮೊಟ್ಟೆಗೆ ಬದಲಾಗಿ ನಾಲ್ಕು ದೊಡ್ಡ ಚಮಚ ಕಾರ್ನ್‌ಸ್ಟಾರ್ಚನ್ನು ತಣ್ಣಗಿನ ಹಾಲಿನಲ್ಲಿ ಕದಡಿ ಸೇರಿಸಲಿ. ಆಗ ಅಂಚಿನಲ್ಲಿ ಗುಳ್ಳೆ ಏಳುವ ತನಕ ಬೇಯಲೇಬೇಕು, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಕೂರಲೇಬೇಕು. ದಕ್ಷಿಣದ ರಾಜ್ಯಗಳ ಆಫ್ರಿಕನ್ ಅಮೆರಿಕನ್ ಮನೆಗಳಲ್ಲಿ ಕುಂಬಳದ ಜಾಗಕ್ಕೆ ಗೆಣಸು ಬರುತ್ತದೆ. ಗೆಣಸನ್ನು ನೀರಿನಲ್ಲಿ ಬೇಯಿಸದೆ ಸಿಪ್ಪೆ ಸಮೇತ ಓವನ್ನಿನಲ್ಲಿ ಸುಟ್ಟರೆ ಸಿಹಿ ಹೆಚ್ಚು, ನೀರು ಕಡಿಮೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನನ್ನ ಓಟು ಗೆಣಸಿಗೆ.

ಪೆಕಾನ್ ಪೈ ಟೆಕ್ಸಸ್ ರಾಜ್ಯದ ಅಧಿಕೃತ ಪೈ, 2013ರಿಂದ. ಮೂರು ಮೊಟ್ಟೆ, ಕಪ್ ಸಕ್ಕರೆ, ಕಪ್ ಕಾರ್ನ್ ಸಿರಪ್, ಎರಡು ದೊಡ್ಡ ಚಮಚ ಕರಗಿದ ಬೆಣ್ಣೆ, ಒಂದು ಚಮಚ ವೆನಿಲಾ, ಒಂದೂವರೆ ಕಪ್ ಪೆಕಾನ್, 350ರಲ್ಲಿ ಒಂದು ಗಂಟೆ ಮೇಲೆ. ಮೊಟ್ಟೆಯಿಲ್ಲದೆ ಇದು ನಿಲ್ಲುವುದಿಲ್ಲ, ಹಟ ಬೇಡ. ಮೈಸೂರು ಪಾಕನ್ನು ಎರಡೆರಡು ತಿನ್ನುವ ಬಾಯಿ ಇದನ್ನು ತಿಂದು "ಅಯ್ಯೋ, ತುಂಬಾ ಸ್ವೀಟು" ಅನ್ನುವುದನ್ನು ಕೇಳಿಸಿಕೊಳ್ಳಲು ಮಾತ್ರ ತಾಳ್ಮೆ ಬೇಕು.

ಬೇರೆಯವರ ಮನೆಗೆ ಒಯ್ಯುವುದಾದರೆ ಪೈ ಕಾರಿನ ಸೀಟಿನ ಮೇಲೆ ಬೇಡ. ಸೀಟು ಹಿಂದಕ್ಕೆ ಇಳಿಜಾರು, ಮೊದಲ ಸಿಗ್ನಲ್ಲಿನಲ್ಲೇ ಕುಂಬಳ ಒಂದು ಬದಿಗೆ ವಾಲುತ್ತದೆ. ತೊಡೆಯ ಮೇಲೂ ಬೇಡ. ಕಾಲಿಡುವ ಜಾಗದಲ್ಲಿ, ಸಮತಟ್ಟಾಗಿ, ಕೆಳಗೊಂದು ಒದ್ದೆ ಟವಲ್ ಹಾಸಿ.

ವಿಪ್ಡ್ ಕ್ರೀಮ್ ಅಲ್ಲಿಗೆ ಹೋದ ಮೇಲೆಯೇ ಮಾಡಿ. ಒಂದು ಕಪ್ ತಣ್ಣಗಿನ ಹೆವಿ ಕ್ರೀಮ್, ಎರಡು ದೊಡ್ಡ ಚಮಚ ಸಕ್ಕರೆ. ಬೀಟರ್ ಎತ್ತಿದಾಗ ತುದಿ ಮೆತ್ತಗೆ ಬಾಗಿ ನಿಂತರೆ ಸಾಕು. ಆದರೆ ಬೀಟರ್ ಹಿಡಿದವರು ಗ್ರೀನ್ ಕಾರ್ಡಿನ ಮಾತಿಗೆ ಇಳಿದರೆ ಮುಗಿಯಿತು. ಕ್ರೀಮ್ ಮೊದಲು ಮರಳುಮರಳಾಗುತ್ತದೆ, ಆಮೇಲೆ ಹಳದಿಗೆ ತಿರುಗುತ್ತದೆ, ಕೊನೆಗೆ ಬೆಣ್ಣೆ ಒಂದು ಕಡೆ, ಮಜ್ಜಿಗೆ ಒಂದು ಕಡೆ. ಅದಕ್ಕೇ ಸಕ್ಕರೆಯನ್ನು ಮೊದಲೇ ಹಾಕಬೇಡಿ, ಕ್ರೀಮ್ ಸ್ವಲ್ಪ ಮಂದವಾದ ಮೇಲೆ ಹಾಕಿ. ಅಷ್ಟರೊಳಗೇ ಕೈಕೊಟ್ಟರೆ, ಆತಿಥೇಯರ ಒಲೆಯ ಮೇಲೆ ತುಪ್ಪ ಕಾಯಿಸಿಕೊಂಡು ಬರಬಹುದು.