ಇನ್ನೂ ನಡೆಸಿಲ್ವಾ?

ಈ ಪ್ರಶ್ನೆ ಇನ್ನೊಂದು ಸಲ ಕಿವಿಗೆ ಬಿದ್ರೆ ನಡೆಸೋವಾಗ ಪೇಷಂಟ್ ಸೊಂಟಕ್ಕೆ ಕಟ್ಟಿ ಹಿಡ್ಕೊಳ್ಳೋ ಆ ಬೆಲ್ಟನ್ನ ಅಲ್ಲೇ ಬಿಸಾಕಿ ಮನೆಗೆ ಹೋಗಿಬಿಡ್ತೀನಿ.

ಮೂಳೆ ವಾರ್ಡಲ್ಲಿ ಫಿಸಿಯೋ ಸಹಾಯಕಿ ನಾನು. ಯಾವ ಕಾಲಿಗೆ ಎಷ್ಟು ಭಾರ ಹಾಕಬಹುದು, ಎಷ್ಟು ದೂರ ನಡೆಸಬಹುದು ಅಂತ ಫಿಸಿಯೋಥೆರಪಿಸ್ಟ್ ನೋಡಿ ಹೇಳಿ ಹೋಗ್ತಾರೆ. ಎಬ್ಬಿಸೋದು, ನಿಲ್ಲಿಸೋದು, ನಡೆಸೋದು ನನ್ನ ಪಾಲು. ಬೇಡ ಅನ್ನಲ್ಲ, ಇಷ್ಟಪಟ್ಟು ಸೇರಿದ ಕೆಲಸ. ಆದ್ರೆ ಅದಕ್ಕೆ ಬೇಕಾದ್ದು ಎರಡೇ: ಹೊತ್ತಿಗೆ ಸರಿಯಾಗಿ ನೋವಿನ ಮಾತ್ರೆ, ಒಂದು ವಾಕರ್. ಎರಡೂ ಒಟ್ಟಿಗೆ ಸಿಕ್ಕ ದಿನ ನೆನಪೇ ಇಲ್ಲ.

ಇವತ್ತಿನದ್ದು ಕೇಳಿ. ಹಿಪ್ ಜಾಯಿಂಟ್ ಬದಲಾಯಿಸಿದ ಅಜ್ಜಿ, ಆಪರೇಷನ್ ಆಗಿ 2ನೇ ದಿನ. 10ಕ್ಕೆ ನಡೆಸ್ತೀನಿ, ಮುಕ್ಕಾಲು ಗಂಟೆ ಮೊದಲೇ ಮಾತ್ರೆ ಕೊಟ್ಟಿರಿ ಅಂತ ಬಂದ ತಕ್ಷಣ ಸಿಸ್ಟರ್‌ಗೆ ಹೇಳಿದ್ದೆ. ಹೋಗಿ ನೋಡಿದ್ರೆ ಮಾತ್ರೆ ಬಟ್ಟಲಲ್ಲೇ ಕೂತಿದೆ. ಸಿಸ್ಟರ್ ಮೇಲೆ ರೇಗೋಕೂ ಮನಸ್ಸು ಬರಲ್ಲ, ಇಡೀ ವಾರ್ಡಿಗೆ ಇಬ್ಬರೇ. ಸರಿ, ನುಂಗಿಸಿ ವಾಕರ್ ಹುಡುಕೋಕೆ ಹೊರಟೆ.

ನಿನ್ನೆ ನಾನೇ ಅಜ್ಜಿ ಪಕ್ಕ ಇಟ್ಟಿದ್ದು. ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರೋ ಹಾಗೆ ನಾಲ್ಕೂ ಕಾಲಿನ ಗುಂಡಿ ಒತ್ತಿ ಎತ್ತರ ಕೂಡಿಸಿ, ಪ್ಲಾಸ್ಟರ್ ಅಂಟಿಸಿ ಹಾಸಿಗೆ ನಂಬರ್ ಬೇರೆ ಬರೆದಿದ್ದೆ. ಸಿಕ್ಕಿದ್ದು ಬಾತ್‌ರೂಮ್ ಬಾಗಿಲ ಹತ್ತಿರ. ಯಾರೋ ಮಹಾನುಭಾವರು ಒದ್ದೆ ಟವೆಲ್ ಒಣಹಾಕಿದ್ದಾರೆ! ಒಂದು ಕಾಲಿನ ರಬ್ಬರ್ ಬುಷ್ ಮಾಯ. ಅದಿಲ್ಲದೆ ಆ ನುಣ್ಣನೆ ನೆಲದ ಮೇಲೆ ಜಾರಿದ್ರೆ ಅಜ್ಜಿ ಮತ್ತೆ ಆಪರೇಷನ್ ಟೇಬಲ್‌ಗೇ. ಸ್ಟೋರಲ್ಲಿ ಕೇಳಿದ್ರೆ 'ಇಂಡೆಂಟ್ ಹಾಕಿ', ಅಂದ್ರೆ ಬೇಕು ಅಂತ ಬರೆದು ಕೊಡಿ. ಒಂದು ರಬ್ಬರ್ ಚೂರಿಗೆ ಇಂಡೆಂಟ್! ಮೂಲೇಲಿ ಬಿದ್ದಿದ್ದ ಮುರುಕಲು ವಾಕರ್‌ನಿಂದ ಕಿತ್ತು ಹಾಕಿದೆ.

ವಾಪಸ್ ಬಂದ್ರೆ ಅಜ್ಜಿ ಮಗಳ ತಕರಾರು. "ಪಾಪ, ನೋವು ತಿಂತಿದ್ದಾರೆ, ಇವತ್ತೊಂದಿನ ಮಲಗಿರಲಿ ಬಿಡಮ್ಮ." ಮಲಗೇ ಇದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎದೇಲಿ ಕಫ ಕಟ್ಟುತ್ತೆ, ಬೆನ್ನು ಹುಣ್ಣಾಗುತ್ತೆ ಅಂತ ದಿನಕ್ಕೆ ಎಷ್ಟು ಸಲ ಹೇಳ್ತೀನೋ. ಅವರ ಕಣ್ಣಿಗೆ ನಾನೇ ಕಟುಕಿ.

ಅಂತೂ ಅಜ್ಜೀನ ಮಂಚದ ಅಂಚಿಗೆ ಕೂರಿಸಿದೆ. ತಲೆ ಸುತ್ತುತ್ತೆ ಅಂದ್ರು. ಬಿಪಿ ಇಳಿದಿರಬಹುದು, ಪಾದ ಮೇಲೆ ಕೆಳಗೆ ಆಡಿಸಿ ಅಜ್ಜಿ, ಅವಸರ ಇಲ್ಲ ಅಂದೆ. ನೋಡಿದೆ, ಸರಿಯೋಯ್ತು. ಯೂರಿನ್ ಬ್ಯಾಗ್ ವಾಕರ್‌ಗೆ ಸಿಕ್ಕಿಸಿ, ಬೆಲ್ಟ್ ಕಟ್ಟಿ, ಇನ್ನೇನು ಏಳಿ ಅನ್ಬೇಕು, ರೌಂಡ್ಸ್ ಬಂತು. ದೊಡ್ಡ ಡಾಕ್ಟರ್, ಹಿಂದೆ ಆರು ಜನ. "ಗಾಯ ನೋಡ್ಬೇಕು, ಮಲಗಿಸಿ." ಮಲಗಿಸಿದೆ. ನೋಡಿದ್ರು. ಹೋಗ್ತಾ ತಿರುಗಿ ನನ್ನ ಕಡೆ: "2ನೇ ದಿನ ಆಯ್ತಲ್ಲ, ಇನ್ನೂ ನಡೆಸಿಲ್ವಾ?"

ಏನ್ ಹೇಳ್ಲಿ? "ಈಗ ನಡೆಸ್ತೀನಿ ಸಾರ್."

ಮಧ್ಯಾಹ್ನ ಮತ್ತೆ ಅದೇ ಸರ್ಕಸ್. ವಾಕರ್ ಮುಂದೆ, ಆಪರೇಷನ್ ಆದ ಕಾಲು, ಆಮೇಲೆ ಒಳ್ಳೆ ಕಾಲು. ಆರು ಹೆಜ್ಜೆ. ಆರನೇದಕ್ಕೆ ಅಜ್ಜಿ ನಕ್ಕುಬಿಟ್ರು, ಮಗಳು ಫೋನಲ್ಲಿ ವಿಡಿಯೋ ಮಾಡ್ಕೊಂಡ್ಳು. ಬೆಳಿಗ್ಗೆ ಬೇಡ ಅಂದವಳೇ.

ಹೊರಡೋ ಮುಂಚೆ ವಾಕರ್‌ನ ಮಂಚದ ಸರಳಿಗೆ ಬ್ಯಾಂಡೇಜ್ ಬಟ್ಟೇಲಿ ಮೂರು ಗಂಟು ಹಾಕಿ ಕಟ್ಟಿ ಬಂದಿದ್ದೀನಿ. ನಾಳೆ ಹೊತ್ತಿಗೆ ಯಾರು ಬಿಚ್ಚಿರ್ತಾರೋ ನೋಡ್ಬೇಕು.