ಸೇಲಂನಲ್ಲಿ ಯಾರನ್ನೂ ಸುಟ್ಟಿಲ್ಲ

ಅಕ್ಟೋಬರ್ ಕೊನೆಗೆ ಬರುವ ವೇಷಗಳ ಹಬ್ಬ ಹ್ಯಾಲೋವೀನ್ ನೋಡಲು ಅಮೆರಿಕದ ಸೇಲಂಗೆ ಹೋಗಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಸಂತೋಷ. ಆದರೆ ಅದನ್ನು ‘ಮಾಟಗಾತಿಯರನ್ನು ಸುಟ್ಟ ಊರು’ ಎಂದಿದ್ದು ತಪ್ಪು. 1692ರಲ್ಲಿ ಅಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ನೇಣಿಗೆ ಹಾಕಿದರು, ಅವರಲ್ಲಿ ಐವರು ಗಂಡಸರು. ಜೈಲ್ಸ್ ಕೋರಿ ಎಂಬ ವಯಸ್ಸಾದ ರೈತ ವಿಚಾರಣೆಗೆ ಒಪ್ಪಲಿಲ್ಲ ಅಂತ ಮೈಮೇಲೆ ಕಲ್ಲು ಹೇರಿ ಕೊಂದರು. ಯಾರೂ ಮಾಟಗಾತಿಯರಲ್ಲ, ಸುಳ್ಳು ದೂರಿಗೆ ಸಿಕ್ಕಿಕೊಂಡ ಸಾಮಾನ್ಯ ಜನ.

ನಾನು ಬಾಸ್ಟನ್‌ನಿಂದ ರೈಲಿನಲ್ಲಿ ಹೋಗಿದ್ದೆ, ಅರ್ಧ ಗಂಟೆಯ ದಾರಿ. ಅಕ್ಟೋಬರ್ ಅಂದರೆ ಬೀದಿ ತುಂಬಾ ಮಾಟಗಾತಿ ವೇಷದ ಚೂಪು ಟೋಪಿಗಳು, ಕಾಲಿಡಲು ಜಾಗವಿಲ್ಲ. ಹಳೆಯ ಸ್ಮಶಾನದ ಪಕ್ಕದಲ್ಲೇ ಹಾಗೆ ಸತ್ತವರಿಗಾಗಿ 1992ರಲ್ಲಿ ಕಟ್ಟಿದ ಸ್ಮಾರಕವಿದೆ. ಗೋಡೆಯಿಂದ ಹೊರಚಾಚಿದ 20 ಕಲ್ಲಿನ ಆಸನಗಳು, ಒಂದೊಂದರ ಮೇಲೂ ಹೆಸರು, ಸತ್ತ ರೀತಿ, ತಾರೀಖು. ಬ್ರಿಜೆಟ್ ಬಿಷಪ್, ಜೂನ್ 10. ಆ ಹೆಸರಿನ ಮೇಲೆ ಯಾರೋ ಹೂವು ಇಟ್ಟು ಹೋಗಿದ್ದರು. ಹೊಸ್ತಿಲ ಕಲ್ಲಿನಲ್ಲಿ ‘ನಾನು ನಿರಪರಾಧಿ’ ಎಂದ ಆರೋಪಿಗಳ ಮಾತುಗಳನ್ನು ಕೆತ್ತಿದ್ದಾರೆ, ಗೋಡೆ ಅವನ್ನು ಅರ್ಧಕ್ಕೇ ತಡೆಯುತ್ತದೆ. ನಾನಂತೂ ತುಂಬಾ ಹೊತ್ತು ಅಲ್ಲೇ ನಿಂತುಬಿಟ್ಟೆ.

ಅಷ್ಟುದ್ದ ಲೇಖನದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ ಅಲ್ವಾ? ದಯವಿಟ್ಟು ಸೇರಿಸಿ.