ಕಂದು ಬಣ್ಣದ ಬಾತುಗಳೆಲ್ಲ ಹೆಣ್ಣಲ್ಲ

ಚಳಿಗಾಲ ಬಂತೆಂದರೆ ಕೆರೆಯ ಬಾತುಗಳ ಫೋಟೊದೊಂದಿಗೆ ಒಂದು ಸಂದೇಶ ಹರಿದಾಡುತ್ತದೆ: ಬಣ್ಣವಿದ್ದದ್ದು ಗಂಡು, ಕಂದು ಬಣ್ಣದ್ದು ಹೆಣ್ಣು, ಹಿಂಡೆಲ್ಲ ಕಂದಾಗಿದ್ದರೆ ಗಂಡುಗಳೇ ಉಳಿದಿಲ್ಲ. ಕಳಿಸುವವರ ಕಾಳಜಿ ನಿಜ, ಲೆಕ್ಕ ಮಾತ್ರ ತಪ್ಪು.

ಶಿರಸಿ, ಮುಂಡಗೋಡ ಕಡೆಯ ಕೆರೆಗಳಲ್ಲಿ ಕಾಣುವ ಶಿಳ್ಳೆ ಬಾತಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ಥರ. ದೂರದಿಂದ ನೋಡಿ ಹೇಳಲಾಗದು. ಚುಕ್ಕೆ ಕೊಕ್ಕಿನ ಬಾತಿನಲ್ಲೂ ವ್ಯತ್ಯಾಸ ಅಲ್ಪ: ಕಪ್ಪು ಕೊಕ್ಕಿನ ತುದಿ ಎರಡಕ್ಕೂ ಹಳದಿ, ಬುಡದ ಕೆಂಪು ಚುಕ್ಕೆ ಗಂಡಿನಲ್ಲಿ ಹೆಚ್ಚು ಎದ್ದು ಕಾಣುತ್ತದೆ.

ವಲಸೆ ಬರುವ ಬಿಳಿ ಹುಬ್ಬಿನ ಬಾತಿನದೇ ದೊಡ್ಡ ಗೊಂದಲ. ಸಂತಾನ ಕಾಲ ಮುಗಿದ ಮೇಲೆ ಗಂಡು ಗರಿ ಉದುರಿಸಿ ಹೆಣ್ಣಿನಂಥ ಕಂದು ಗರಿ ಹೊದೆಯುತ್ತದೆ. ಈ ಜಾತಿಯಲ್ಲಿ ಆ ವೇಷ ಚಳಿಗಾಲದ ಬಹುಪಾಲು ಉಳಿಯುವುದರಿಂದ ನವೆಂಬರಿನ ಹಿಂಡು ಪೂರ್ತಿ ಹೆಣ್ಣೆಂದೇ ತೋರುತ್ತದೆ. ಹಾರುವಾಗ ನೋಡಿ: ರೆಕ್ಕೆಯ ಮುಂಭಾಗ ತಿಳಿ ನೀಲಿ ಬೂದಾದರೆ ಗಂಡು, ಮಂಕು ಬೂದುಗಂದಾದರೆ ಹೆಣ್ಣು. ಮೈಬಣ್ಣ ಬದಲಾದರೂ ಈ ಗುರುತು ಬದಲಾಗದು.

ಇಂಥ ಸಂದೇಶ ಬಂದಾಗ ಫೋಟೊ ಯಾವ ತಿಂಗಳದ್ದೆಂದು ಮೊದಲು ಕೇಳಿ. ಬಳಿಕ ಜಾತಿ ಗುರುತಿಸಿ, ಆಮೇಲಷ್ಟೇ ಗಂಡು ಹೆಣ್ಣಿನ ಮಾತು. ಹಕ್ಕಿ ಗುರುತಿಸುವ ಕೈಪಿಡಿಯಲ್ಲಿ ಸಂತಾನ ಕಾಲದ ಗಂಡಿನ ಚಿತ್ರವೊಂದನ್ನೇ ನೋಡಿ ತೀರ್ಮಾನಿಸಬೇಡಿ. ಕೊಕ್ಕು, ರೆಕ್ಕೆ, ಬಾಲದ ಬುಡ ಹೋಲಿಸಿ. ಬಾಲದ ಬುಡದ ಮೇಲ್ಭಾಗ ಕೆಂಗಂದಾದರೆ ನಮ್ಮ ಸಾಮಾನ್ಯ ಶಿಳ್ಳೆ ಬಾತು. ಕೆನೆಬಿಳಿಯಾದರೆ ಅದರ ದೊಡ್ಡ ಸಂಬಂಧಿ, ಇಲ್ಲಿ ಅಪರೂಪ.